ತಮ್ಮನಿಗೆ ಶಮೊನಿಯಿಂದ: ಓತ್ ರೂತ್‌ಗೆ ಏನು ತರಬೇಕು, ಏನು ಬೇಡ

ಶಮೊನಿ, ಮಾರ್ಚ್ 3

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಏಪ್ರಿಲ್‌ನಲ್ಲಿ ಫ್ರಾನ್ಸಿನ ಈ ಊರಿಂದ ಸ್ವಿಟ್ಜರ್ಲೆಂಡಿನ ಝೆರ್ಮಾಟ್‌ವರೆಗೆ, ಓತ್ ರೂತ್ ಎಂಬ ದಾರಿಯಲ್ಲಿ, ಸ್ಕೀ ಮೇಲೆ ಹೋಗುವುದಕ್ಕೆ ಏನೇನು ತರಲಿ ಎಂದು ಕೇಳಿದ್ದೆ. ಆರೇಳು ದಿನದ ದಾರಿ, ಬಹುಪಾಲು ಹಿಮನದಿಗಳ ಮೇಲೆ. ರಾತ್ರಿ ತಂಗುಮನೆಗಳಲ್ಲಿ ಊಟ, ಹೊದಿಕೆ ಎರಡೂ ಸಿಗುತ್ತವೆ. ಹಾಗಾಗಿ ಟೆಂಟು, ಸ್ಟೌವು, ಸ್ಲೀಪಿಂಗ್ ಬ್ಯಾಗು ಬೇಡ; ರೇಷ್ಮೆಯ ತೆಳು ಮಲಗುಚೀಲ ಒಂದು ಸಾಕು. ಬೆನ್ನಚೀಲ 35 ಲೀಟರಿಗಿಂತ ದೊಡ್ಡದು ಬೇಡ. ಜಾಗ ಇದ್ದಷ್ಟೂ ತುಂಬುತ್ತೇವೆ, ತುಂಬಿದ್ದನ್ನೆಲ್ಲ ಬೆನ್ನು ಹೊರಬೇಕು.

ಗುಲ್ಮಾರ್ಗ್‌ಗೆಂದು ಕೊಂಡ ಟೂರಿಂಗ್ ಬೂಟನ್ನೇ ತಾ. ಉಳಿದದ್ದು ಇಲ್ಲಿ ಬಾಡಿಗೆಗೆ ಸಿಗುತ್ತದೆ. ವಿಮಾನದಲ್ಲಿ ಬೂಟು ನಿನ್ನ ಕೈಯಲ್ಲೇ ಇರಲಿ: ಲಗೇಜು ಕಳೆದರೆ ಸ್ಕೀ ಸಿಕ್ಕೀತು, ಕಾಲಿಗೆ ಪಳಗಿದ ಬೂಟು ಸಿಗುವುದಿಲ್ಲ. ಒಳಬೂಟು ತೆಗೆದು ಬರೀ ಹೊರಚಿಪ್ಪಿನಲ್ಲಿ ಕಾಲಿಟ್ಟು ನೋಡು. ಬೆರಳು ಮುಂದಕ್ಕೆ ತಾಗಿದಾಗ ಹಿಮ್ಮಡಿಯ ಹಿಂದೆ ಒಂದರಿಂದ ಒಂದೂವರೆ ಸೆಂ.ಮೀ. ಉಳಿಯಬೇಕು.

ಈ ಸಾಮಾನಿನಲ್ಲಿ ಎಡವಟ್ಟಾಗುವುದೆಲ್ಲ ಜೋಡಿಯಲ್ಲಿ. ಬೂಟನ್ನು ಸ್ಕೀಗೆ ಹಿಡಿಸುವ ಬೈಂಡಿಂಗ್ ಬೂಟಿನ ಉದ್ದಕ್ಕೆ ಹೊಂದಬೇಕು. ಬೂಟಿನಡಿ ಕಟ್ಟುವ ಲೋಹದ ಮುಳ್ಳು, ಅಂದರೆ ಕ್ರಾಂಪನ್, ಬೂಟಿನ ಮೂತಿಗೂ ಹಿಮ್ಮಡಿಗೂ ಕಚ್ಚಬೇಕು. ಅದನ್ನು ತೊಡಿಸಿ, ಒದರಿ ನೋಡುವ ಕೆಲಸ ಹೊರಡುವ ಮೊದಲೇ ಆಗಬೇಕು, ಕಣಿವೆಯ ಅಂಚಿನಲ್ಲಲ್ಲ. ಸ್ಕೀಗೆ ಸಿಕ್ಕಿಸುವ ಸ್ಕೀ ಕ್ರಾಂಪನ್ ಸ್ಕೀಯ ನಡು ಅಗಲಕ್ಕಿಂತ ಒಂದೆರಡು ಮಿ.ಮೀ. ಅಗಲವಿರಬೇಕು, ಜೊತೆಗೆ ಬೈಂಡಿಂಗಿನಲ್ಲಿ ಅದನ್ನು ಸಿಕ್ಕಿಸುವ ಜಾಗಕ್ಕೂ ಕೂಡಬೇಕು. ಹತ್ತುವಾಗ ಜಾರದಂತೆ ಸ್ಕೀಯಡಿ ಅಂಟಿಸುವ ಪಟ್ಟಿಯನ್ನು, ಅಂದರೆ ಸ್ಕಿನ್ನನ್ನು, ಕತ್ತರಿಸುವಾಗ ಸ್ಕೀಯ ಉಕ್ಕಿನ ಅಂಚು ಎರಡೂ ಕಡೆ ಕಾಣಬೇಕು. ಅಂಚು ಮುಚ್ಚಿದರೆ ಗಟ್ಟಿ ಇಳಿಜಾರಿನಲ್ಲಿ ಅಡ್ಡ ಹಾಯುವಾಗ ಸ್ಕೀಗೆ ಹಿಡಿತವೇ ಇರುವುದಿಲ್ಲ.

ಪಿನ್ ಬೈಂಡಿಂಗ್ ಬಗ್ಗೆ ಇನ್ನೊಂದು ಮಾತು. ಬೂಟಿನ ಮೂತಿಯ ಎರಡು ಕುಳಿಗಳಿಗೆ ಪಿನ್ ಹೊಕ್ಕು ಹಿಡಿಯುತ್ತದೆ. ಕುಳಿಯಲ್ಲಿ ಹಿಮ ಗಟ್ಟಿಯಾಗಿದ್ದರೆ, ಇಲ್ಲವೇ ಬೈಂಡಿಂಗಿನ ಮುಂದಿನ ಸ್ಪ್ರಿಂಗಿನಡಿ ಮಂಜುಗಡ್ಡೆ ಸೇರಿದ್ದರೆ, ‘ಟಕ್’ ಎಂದರೂ ಪಿನ್ ಪೂರ್ತಿ ಇಳಿದಿರುವುದಿಲ್ಲ. ಮೊದಲ ತಿರುವಿನಲ್ಲೇ ಸ್ಕೀ ಕಳಚುತ್ತದೆ. ಪ್ರತಿ ಸಲವೂ ಕೋಲಿನ ತುದಿಯಿಂದ ಕುಳಿ ಕೆರೆ, ಸ್ಪ್ರಿಂಗಿನಡಿ ಕೆದಕು, ಮೂತಿ ಸಿಕ್ಕಿಸಿದ ಮೇಲೆ ಕಾಲನ್ನು ನಾಲ್ಕೈದು ಬಾರಿ ಹಿಂದೆ ಮುಂದೆ ಆಡಿಸು.

ಹಿಮಕುಸಿತದ ಮೂರು ಸಾಮಾನಿನಲ್ಲಿ ತೂಕವನ್ನೂ ದುಡ್ಡನ್ನೂ ಉಳಿಸಬೇಡ: ಹಿಮದಡಿ ಹೂತವರನ್ನು ರೇಡಿಯೊ ಸಂಕೇತದಿಂದ ಹುಡುಕುವ, ಮೂರು ಆಂಟೆನಾದ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ನೋಡುವ ಕನಿಷ್ಠ 240 ಸೆಂ.ಮೀ.ನ ಕೋಲು (ಪ್ರೋಬ್), ಲೋಹದ ಸಲಿಕೆ. ಕುಸಿದ ಹಿಮ ಕಾಂಕ್ರೀಟಿನಂತೆ ಬಿಗಿಯುತ್ತದೆ, ಪ್ಲಾಸ್ಟಿಕ್ ಸಲಿಕೆ ಮುರಿಯುತ್ತದೆ. ಟ್ರಾನ್ಸೀವರಿಗೆ ಹೊಸ ಆಲ್ಕಲೈನ್ ಸೆಲ್ ಹಾಕು. ಚಾರ್ಜ್ ಮಾಡುವ ಸೆಲ್ಲಿನಲ್ಲಿ ಎಷ್ಟು ಉಳಿದಿದೆ ಎಂಬ ಲೆಕ್ಕ ತಪ್ಪುತ್ತದೆ. ಟ್ರಾನ್ಸೀವರನ್ನು ಜಾಕೆಟಿನೊಳಗೆ ಮೈಗೆ ಕಟ್ಟಿಕೊಳ್ಳಬೇಕು, ಮೊಬೈಲು ಅದರಿಂದ 20 ಸೆಂ.ಮೀ. ದೂರ; ಹುಡುಕುವಾಗ 50 ಸೆಂ.ಮೀ.

ಹಿಮನದಿಯ ಬಿರುಕುಗಳಿಗೆ ಸೊಂಟಕ್ಕೆ ಕಟ್ಟುವ ಹಗುರವಾದ ಹಾರ್ನೆಸ್, ಮಂಜುಗಡ್ಡೆಗೆ ತಿರುಗಿಸಿ ಕೂರಿಸುವ ಐಸ್ ಸ್ಕ್ರೂ ಒಂದು, ದೊಡ್ಡ ಹಗ್ಗಕ್ಕೆ ಗಂಟು ಹಾಕಿ ಮೇಲೆ ಹತ್ತುವ ಪ್ರೂಸಿಕ್ ಹಗ್ಗ ಎರಡು ನಿನಗೆ. 30 ಮೀಟರಿನ ತೆಳು ಹಗ್ಗ ನಾನು ಹೊರುತ್ತೇನೆ.

ಬಟ್ಟೆ ಕಡಿಮೆ ಸಾಕು, ಗ್ಲೌಸ್ ಮಾತ್ರ ಎರಡು ಜೊತೆ. ಬಿಸಿಲ ಕನ್ನಡಕ 4ನೇ ದರ್ಜೆಯದು, ಅಂದರೆ ಅತಿ ಕಪ್ಪು ಗಾಜಿನದು. ಬಿಸಿಲು ಹಿಮದಿಂದ ಮೇಲಕ್ಕೆ ಪುಟಿಯುತ್ತದೆ, ಮೂಗಿನ ಹೊಳ್ಳೆಯಡಿ, ಗಲ್ಲದಡಿಯೂ ಸನ್‌ಸ್ಕ್ರೀನ್ ಹಚ್ಚಬೇಕು. ಕೊಳವೆಯ ನೀರಿನ ಚೀಲ ಬೇಡ, ಕೊಳವೆ ಹೆಪ್ಪುಗಟ್ಟುತ್ತದೆ, ಫ್ಲಾಸ್ಕ್ ತಾ.

ರಿಪೇರಿಗೆ ನಾಲ್ಕು ರಬ್ಬರ್ ಸ್ಕೀ ಪಟ್ಟಿ, ತಂತಿ, ಬೈಂಡಿಂಗಿನ ತಿರುಪು ಬಿಗಿಸಲು 3ನೇ ನಂಬರಿನ ಪೋಜಿಡ್ರೈವ್ ಬಿಟ್, ಕೋಲಿಗೆ ಸುತ್ತಿದ ಟೇಪು. ಸ್ಕಿನ್ ಅಂಟು ಬಿಟ್ಟಾಗ ಕಾಪಾಡುವುದು ಆ ರಬ್ಬರ್ ಪಟ್ಟಿಯೇ. ಒದ್ದೆ ಸ್ಕಿನ್ನನ್ನು ಒಲೆಯ ಹತ್ತಿರ ಒಣಗಿಸಬೇಡ, ಅಂಟು ಕರಗುತ್ತದೆ. ಹಗಲು ಜಾಕೆಟಿನೊಳಗೆ ಇಟ್ಟುಕೋ, ಮೈಬಿಸಿಗೆ ಅಂಟು ಮತ್ತೆ ಹಿಡಿಯುತ್ತದೆ.

ಅಮ್ಮ ಕಡಲೆಕಾಯಿ ಚಿಕ್ಕಿ ಕೊಟ್ಟರೆ ಧಾರಾಳ ತಾ. ತುಪ್ಪ, ಪೇಡೆ ಬೇಡ, ಹಾಲಿನ ಪದಾರ್ಥವನ್ನು ಗಡಿಯಲ್ಲಿ ಬಿಡುವುದಿಲ್ಲ.

ಬೂಟಿನ ಹಿಮ್ಮಡಿಯ ಪಕ್ಕದಲ್ಲಿ ಅಡಿಯ ಉದ್ದ ಮಿ.ಮೀ.ನಲ್ಲಿ ಬರೆದಿರುತ್ತದೆ. ಅದರ ಫೋಟೋ ಈ ವಾರವೇ ಕಳಿಸು, ಸ್ಕೀ ಗೊತ್ತು ಮಾಡಬೇಕು. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಕ್ಕ