ವರ್ಷದ ಸುದ್ದಿಯ ಕಾಗದಕ್ಕೆ ನವೆಂಬರಿನಲ್ಲೇ ಕೂಡ್ರಬೇಕು

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್‌ಗೆ ಸಿದ್ಧರಾಗುವ ಆಗಮನ ಕಾಲದ ಮೊದಲ ಭಾನುವಾರ ಯಾವ ವರ್ಷವಾದರೂ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುತ್ತದೆ. ಬೆಳಗಾವಿಯ ಕ್ಯಾಂಪ್‌ನಿಂದ ಗುಳೇದಗುಡ್ಡ, ವಿಜಯಪುರದವರೆಗೆ ಕ್ರೈಸ್ತರ ಮನೆಗಳಲ್ಲಿ ನಕ್ಷತ್ರ ಕಟ್ಟುವುದು, ಕರ್ಚಿಕಾಯಿ ಕರಿಯುವುದು ಅದರ ನಂತರದ ಕೆಲಸ. ದೂರದ ಬಂಧುಗಳಿಗೆ ವರ್ಷದ ಸುದ್ದಿ ಬರೆದು ಕಳಿಸುವ ಕಾಗದ ಮಾತ್ರ ಅಲ್ಲಿಯತನಕ ಕಾಯುವುದಿಲ್ಲ. ಬರೆಯುವ ಮನಸ್ಸಿದ್ದೂ ಎಷ್ಟೋ ಮನೆಗಳಲ್ಲಿ ಅದು ನಿಂತುಹೋಗಿರುವುದಕ್ಕೆ ತಡವಾಗಿ ಕೂಡ್ರುವುದೇ ಕಾರಣ. ಡಿಸೆಂಬರ್ 24ರ ರಾತ್ರಿ ಮೊಬೈಲಿಗೆ ಬರುವ ಮಿನುಗು ಗಂಟೆಯ ಚಿತ್ರದಲ್ಲಿ ಕಳಿಸಿದವರ ಮನೆಯ ಒಂದು ಸುದ್ದಿಯೂ ಇರುವುದಿಲ್ಲ. ದೊಡ್ಡವ್ವನ ಕಣ್ಣಿನ ಪೊರೆ ತೆಗೆಸಿದರೋ, ತಂಗಿಯ ಮಗಳಿಗೆ ನೌಕರಿ ಸಿಕ್ಕಿತೋ ಎಂಬುದು ಮುಂದಿನ ಮದುವೆಯಲ್ಲಿ ಭೇಟಿಯಾದಾಗಲೇ ಗೊತ್ತಾಗಬೇಕು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದದ್ದು 1843ರ ಜುಲೈ 1ರಂದು. ಅದೇ ವರ್ಷದ ಕೊನೆಗೆ ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬವರು ಮೊದಲ ಕ್ರಿಸ್‌ಮಸ್ ಕಾರ್ಡನ್ನು ಅಚ್ಚು ಹಾಕಿಸಿದರು. ಅದೂ ಕಲ್ಲಚ್ಚೇ, ಬಣ್ಣ ತುಂಬಿದ್ದು ಕೈಯಿಂದ. ಆ ಕಾರ್ಡಿನಲ್ಲಿ ಪಡೆಯುವವರ ಹೆಸರಿಗೂ ಕಳಿಸುವವರ ಹೆಸರಿಗೂ ಖಾಲಿ ಜಾಗ ಬಿಟ್ಟಿದ್ದರು. ಒಂದೇ ಒಕ್ಕಣೆಯನ್ನು ಹಲವರಿಗೆ ಕಳಿಸುವಾಗಲೂ ಹೆಸರನ್ನು ಕೈಯಿಂದಲೇ ಬರೆಯಬೇಕು ಎಂಬ ಆ ತಿಳಿವಳಿಕೆ ಇಂದಿಗೂ ಕೆಲಸಕ್ಕೆ ಬರುತ್ತದೆ. ನಮ್ಮ ಕಡೆಗಂತೂ ಹೆಚ್ಚೇ ಬೇಕು, ಏಕೆಂದರೆ ದೊಡ್ಡಪ್ಪನಿಗೂ ತಮ್ಮನ ಹೆಂಡತಿಗೂ ಒಂದೇ ಸಂಬೋಧನೆ ಸಲ್ಲುವುದಿಲ್ಲ. ಹಾಳೆಯ ತಲೆಯಲ್ಲಿ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು ಅಚ್ಚು ಮಾಡಿಸಿ, ‘ಪೂಜ್ಯ ದೊಡ್ಡಪ್ಪ, ದೊಡ್ಡವ್ವನವರಿಗೆ ವಂದನೆಗಳು’, ‘ಪ್ರೀತಿಯ ತಮ್ಮ’ ಎಂದು ಒಬ್ಬೊಬ್ಬರಿಗೂ ಬೇರೆ ಬರೆಯಿರಿ. ಕೆಳಗೂ ಜಾಗವಿರಲಿ. ಅವರ ಮನೆಗಷ್ಟೇ ಸಂಬಂಧಿಸಿದ ಎರಡು ಸಾಲನ್ನು, ಅಂದರೆ ಅವರ ಮಗನ ಪರೀಕ್ಷೆ ಏನಾಯಿತು, ಕಾಕಾನ ಸಕ್ಕರೆ ಕಾಯಿಲೆ ಹೇಗಿದೆ ಎಂಬುದನ್ನು, ಅಲ್ಲಿ ಕೇಳಬೇಕು. ಆ ಎರಡು ಸಾಲಿಲ್ಲದ ಕಾಗದಕ್ಕೆ ಉತ್ತರ ಬರುವುದು ಕಡಿಮೆ.

ಸುದ್ದಿ ಕೂಡಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ನವೆಂಬರಿನಲ್ಲಿ ನೆನಪು ಮಾಡಿಕೊಳ್ಳಲು ಕೂತರೆ ಜನವರಿಯಿಂದ ಏಪ್ರಿಲ್‌ವರೆಗಿನದು ಮರೆತಿರುತ್ತದೆ, ಕಾಗದದ ತುಂಬ ದೀಪಾವಳಿ ಈಚಿನದೇ ತುಂಬಿಕೊಳ್ಳುತ್ತದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಕೊನೆಗೆ ಎರಡು ಸಾಲು ಗೀಚಿಟ್ಟರೆ ವರ್ಷಕ್ಕೆ 24 ಸಾಲು ಆಗುತ್ತದೆ. ಅದರಲ್ಲಿ ಹತ್ತನ್ನು ಆರಿಸಿಕೊಂಡರೆ ಕಾಗದ ಮುಗಿಯಿತು. ಈ ವರ್ಷ ಬರೆದಿಟ್ಟಿಲ್ಲದವರು ಮೊಬೈಲಿನ ಫೋಟೋಗಳನ್ನು ತಿಂಗಳ ಪ್ರಕಾರ ತಿರುವಿ ನೋಡಲಿ. ಆಸ್ಪತ್ರೆಯ ಫೈಲು, ದೀಕ್ಷಾಸ್ನಾನದ ಆಮಂತ್ರಣ, ಶಾಲೆಯ ಅಂಕಪಟ್ಟಿಯಲ್ಲಿ ತಾರೀಖುಗಳು ಸಿಗುತ್ತವೆ.

ಸಾವಿನ ಸುದ್ದಿಯನ್ನು ಈ ಕಾಗದದಲ್ಲಿ ಯಾರೂ ಮೊದಲ ಸಲ ಓದುವಂತಾಗಬಾರದು. ತೀರಿಕೊಂಡವರನ್ನು ಬಲ್ಲ ಪ್ರತಿ ಮನೆಗೂ ಮೊದಲೇ ಫೋನ್ ಮಾಡಿ ತಿಳಿಸಿರಬೇಕು. ಕಾಗದದಲ್ಲಿ ಅದು ಮೊದಲ ಪ್ಯಾರಾದಲ್ಲೇ ಬರಲಿ, ಹೊಸ ಕಾರಿನ ಸಾಲಿನ ಕೆಳಗೆ ಬಂದರೆ ಓದುವವರ ಎದೆ ಒಡೆಯುತ್ತದೆ. ಕಾಯಿಲೆಯನ್ನು ಮುಚ್ಚಿಡಬೇಕಿಲ್ಲ, ಆದರೆ ‘ದೇವರ ದಯೆಯಿಂದ ಎಲ್ಲರೂ ಕ್ಷೇಮ’ ಎಂದು ಬರೆದರೆ ಏನೂ ತಿಳಿಯದು. ‘ಅವ್ವನ ಬಲ ಮೊಣಕಾಲಿನ ಆಪರೇಷನ್ ಆಗಸ್ಟ್‌ನಲ್ಲಿ ಆಯಿತು. ಕೋಲು ಹಿಡಿದು ದೇವಾಲಯಕ್ಕೆ ಹೋಗುತ್ತಾಳೆ, ಮೆಟ್ಟಿಲು ಹತ್ತಲಾಗುವುದಿಲ್ಲ’ ಎಂದು ಬರೆದರೆ, ಅವಳನ್ನು ಹಬ್ಬಕ್ಕೆ ಕರೆಯುವವರು ಕೆಳಗಿನ ಕೋಣೆ ಸಿದ್ಧ ಮಾಡುತ್ತಾರೆ.

ಯಾರ ಸುದ್ದಿಯೋ ಅವರನ್ನು ಕೇಳಿಯೇ ಬರೆಯಬೇಕು. ನಿಂತುಹೋದ ಮದುವೆ ಮಾತುಕತೆ, ಹೋದ ನೌಕರಿ, ಇಳಿದುಹೋದ ಬಸಿರು, ಕೋರ್ಟಿನಲ್ಲಿರುವ ಆಸ್ತಿ, ಇವನ್ನು ಮನೆಯ ಹಿರಿಯರೇ ಆದರೂ ತಾವಾಗಿ ಸೇರಿಸುವಂತಿಲ್ಲ. ಕರಡು ಕಾಗದ ಮನೆಯ ಎಲ್ಲರ ಕೈಗೂ ಹೋಗಲಿ, ಕಾಲೇಜಿಗೆ ಹೋಗುವ ಹುಡುಗಿಗೂ. ಅಂಕಗಳ ಶೇಕಡಾವಾರು ಬೇಡವೇ ಬೇಡ. ಓದುವ ಮನೆಯಲ್ಲಿ ಅದೇ ವರ್ಷ ಫೇಲಾದ ಮಗು ಇರಬಹುದು. ‘ಹತ್ತನೇ ತರಗತಿ ಮುಗಿಸಿ ಡಿಪ್ಲೊಮಾಕ್ಕೆ ಸೇರಿದ’ ಎಂದರೆ ಸಾಕು. ಹೆಸರಿನ ಗೊಂದಲ ಇನ್ನೊಂದು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟ ಮನೆಗಳಲ್ಲಿ ಸಮುವೇಲರು ಮೂವರಿರುತ್ತಾರೆ. ‘ಮುಧೋಳದ ಸಮುವೇಲ ಕಾಕಾ’, ‘ಅವರ ಮೊಮ್ಮಗ ಸಮುವೇಲ’ ಎಂದು ಊರು, ನಂಟು ಹಚ್ಚಿ ಬರೆಯದಿದ್ದರೆ ಒಬ್ಬರ ಜ್ವರ ಇನ್ನೊಬ್ಬರಿಗೆ ಅಂಟುತ್ತದೆ.

ಅಚ್ಚಿನ ವಿಷಯಕ್ಕೆ ಬಂದರೆ, 80 ಜಿಎಸ್‌ಎಂನ (ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ) ಒಂದು ಎ4 ಹಾಳೆ 5 ಗ್ರಾಂ ತೂಗುತ್ತದೆ. ಸಾದಾ ಲಕೋಟೆ 4ರಿಂದ 5 ಗ್ರಾಂ, ಆರಿಂಚು-ನಾಲ್ಕಿಂಚಿನ ಫೋಟೋ ಸುಮಾರು 4 ಗ್ರಾಂ. ಎರಡು ಹಾಳೆ, ಒಂದು ಫೋಟೋ ಹಾಕಿದರೆ 20 ಗ್ರಾಂ ಒಳಗೇ ನಿಂತು 5 ರೂಪಾಯಿ ಅಂಚೆಚೀಟಿಯಲ್ಲಿ ಹೋಗುತ್ತದೆ. ಮೂರನೇ ಹಾಳೆ ಸೇರಿಸಿದರೆ ಮಿತಿ ದಾಟುತ್ತದೆ. ಚೀಟಿ ಕಡಿಮೆ ಬಿದ್ದ ಕಾಗದ ಬೇರಿಂಗ್ ಆಗಿ, ಆ ಹಣ ಪಡೆಯುವವರ ತಲೆಗೆ ಬರುತ್ತದೆ. ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಪತ್ರದೊಳಗೆ ಫೋಟೋ ಇಡುವಂತಿಲ್ಲ. ಎರಡೂ ಬದಿ ಅಚ್ಚು ಮಾಡಿಸುವುದಾದರೆ 70 ಜಿಎಸ್‌ಎಂ ಬೇಡ, ಹಿಂದಿನ ಅಕ್ಷರ ಮುಂದೆ ಕಾಣುತ್ತದೆ. ಹಿರಿಯರಿರುವ ಮನೆಗೆ ಅಕ್ಷರ 14 ಪಾಯಿಂಟ್‌ಗಿಂತ ಚಿಕ್ಕದಿರಬಾರದು. ಹಬ್ಬದ ಕಳೆ ಬರಲೆಂದು ಹಸಿರು ಹಾಳೆಯ ಮೇಲೆ ಕೆಂಪು ಅಕ್ಷರ ಹಾಕಿಸಿದರೆ ಪೊರೆ ಬಂದ ಕಣ್ಣಿಗೆ ಏನೂ ಕಾಣದು. ಬಣ್ಣದ ಫೋಟೋವನ್ನು ಕಪ್ಪು-ಬಿಳುಪು ಝೆರಾಕ್ಸ್ ಮಾಡಿದರೆ ಮುಖಗಳು ಮಸಿಯಾಗುತ್ತವೆ, ಬೇರೆ ಪ್ರಿಂಟ್ ಹಾಕಿಸುವುದೇ ಲೇಸು. ಫೋಟೋದಲ್ಲಿ ಯಾರು ಯಾರು ಎಂಬುದನ್ನು ಎಡದಿಂದ ಬಲಕ್ಕೆ ಬೇರೆ ಚೀಟಿಯಲ್ಲಿ ಬರೆದು ಹಿಂದೆ ಅಂಟಿಸಿ. ಬಾಲ್ ಪೆನ್ನಿನಿಂದ ನೇರವಾಗಿ ಬರೆದರೆ ಗೀರು ಮುಂಬದಿಗೆ ಮೂಡುತ್ತದೆ.

ಡಿಟಿಪಿ ಅಂಗಡಿಯಲ್ಲಿ ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ಹಾಗೇ ವಾಟ್ಸ್ಆ್ಯಪ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಮೊದಲೇ ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ನಲ್ಲಿ ಮಾಡಿಕೊಡಿ ಎನ್ನಿ. ಪರಿವರ್ತನೆ ಮಾಡಿಸಿದರೆ ಅರ್ಕಾವೊತ್ತು ಇರುವ ಹೆಸರುಗಳನ್ನು, ಮಾರ್ಥಾ, ಜಾರ್ಜ್, ಬರ್ನಾರ್ಡ್, ಒಂದೊಂದಾಗಿ ನೋಡಿ, ಕೆಡುವುದು ಅಲ್ಲೇ. ಮೊಬೈಲಿನಲ್ಲಿ ಓದುವವರಿಗೆ ಎ5 ಅಳತೆಯ ಪಿಡಿಎಫ್ ಮಾಡಿಸಿ, ಎ4 ಪುಟವನ್ನು ಹಿಗ್ಗಿಸಿ ಸರಿಸಿ ಓದಲು ಯಾರಿಗೂ ತಾಳ್ಮೆ ಇರದು. ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಮುಟ್ಟಿಸುವ ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು. ನಿಮ್ಮ ನಂಬರನ್ನು ಸೇವ್ ಮಾಡಿಕೊಳ್ಳದವರಿಗೆ ಮಾತ್ರ ಅದು ಮುಟ್ಟುವುದಿಲ್ಲ. ಓದಲು ಬಾರದ, ಕಣ್ಣು ಮಂಜಾದ ಅಜ್ಜಿಯರಿಗೆ ಕಾಗದವನ್ನು ಮನೆಮಾತಿನಲ್ಲೇ ಓದಿ ಮೂರು-ನಾಲ್ಕು ನಿಮಿಷದ ಧ್ವನಿಯಾಗಿ ಕಳಿಸಿ. ಮರಾಠಿ ಬೀಗರಿಗೆ ಯಂತ್ರದ ಅನುವಾದ ಕಳಿಸಬೇಡಿ. ಸೋದರತ್ತೆ, ಚಿಕ್ಕಮ್ಮ ಎಲ್ಲರೂ ಒಂದೇ ಆಗಿಬಿಡುತ್ತಾರೆ. ಮನೆಯಲ್ಲಿ ಮರಾಠಿ ಬಲ್ಲವರೇ ಅರ್ಧ ಪುಟ ಬರೆಯಲಿ. ಮೊಬೈಲಿನ ಕಾಗದ ಎಲ್ಲಿಗೆ ಬೇಕಾದರೂ ಹೋಗುವುದರಿಂದ ಅದರಲ್ಲಿ ‘26ರಿಂದ 2ರವರೆಗೆ ಎಲ್ಲರೂ ಗೋವಾದಲ್ಲಿರುತ್ತೇವೆ’ ಎಂದಾಗಲಿ, ಮಕ್ಕಳ ಶಾಲೆಯ ಹೆಸರಾಗಲಿ ಬೇಡ.

ಹಳೆಯ ವಿಳಾಸ ಪುಸ್ತಕದಲ್ಲಿ ಬೆಳಗಾಂ, ಬಿಜಾಪುರ ಎಂದೇ ಇದ್ದರೂ ಪಿನ್ ಸರಿಯಿದ್ದರೆ ಕಾಗದ ಮುಟ್ಟುತ್ತದೆ: ಬೆಳಗಾವಿ 590001, ಬಾಗಲಕೋಟೆ 587101, ವಿಜಯಪುರ 586101 ಪ್ರಧಾನ ಕಚೇರಿಗಳವು, ಬಡಾವಣೆಗೆ ಬೇರೆ ಇದ್ದರೆ ಅದನ್ನೇ ಬರೆಯಬೇಕು. ಸೇನೆಯಲ್ಲಿರುವ ಮಗನಿಗೆ ಬರೆಯುವಾಗ ನಂಬರು, ಹುದ್ದೆ, ಹೆಸರು, ಘಟಕ, 56 ಎಪಿಒ ಅಥವಾ 99 ಎಪಿಒ (ಸೇನಾ ಅಂಚೆ ಕಚೇರಿ), 9ರಿಂದ ಶುರುವಾಗುವ ಪಿನ್, ಇಷ್ಟೇ. ಊರಿನ ಹೆಸರು ಹಾಕಬಾರದು. ಉಳಿದವರಿಗೆ ಕಳಿಸುವ ಕಾಗದದಲ್ಲೂ ಅವನು ಯಾವ ಠಾಣೆಯಲ್ಲಿದ್ದಾನೆ ಎಂದು ಬರೆಯಬಾರದು. ದುಬೈನಲ್ಲಿರುವವರಿಗೆ ಮನೆಬಾಗಿಲಿನ ವಿಳಾಸ ಉಪಯೋಗವಿಲ್ಲ, ಕಂಪನಿಯ ಪೋಸ್ಟ್ ಬಾಕ್ಸ್ ನಂಬರ್ ಕೇಳಿಕೊಳ್ಳಿ. ಎಲ್ಲವೂ ಡಿಸೆಂಬರ್ 8–10ರೊಳಗೆ ಡಬ್ಬಿಗೆ ಬೀಳಲಿ. ತಪ್ಪಿದರೆ ನಿಲ್ಲಿಸಬೇಡಿ, ಜನವರಿ 6ರ ಮೂರು ರಾಯರ ಹಬ್ಬದವರೆಗೂ ಅದು ಕ್ರಿಸ್‌ಮಸ್ ಕಾಗದವೇ.

ಒಂದು ಪ್ರತಿಯನ್ನು ಲೇಸರ್ ಪ್ರಿಂಟಿನಲ್ಲಿ ತೆಗೆಸಿ, ಲ್ಯಾಮಿನೇಟ್ ಮಾಡಿಸದೆ, ತಾರೀಖು ಹಾಕಿ ಮನೆಯ ಬೈಬಲ್ಲಿನ ಜೊತೆ ಇಡಬೇಕು. ಮರಳಿ ಬಂದ ಲಕೋಟೆಗಳನ್ನೂ ಎಸೆಯಬಾರದು. ಅವರಿಗೆ ಫೋನ್ ಮಾಡಿ ವಿಳಾಸ ತಿದ್ದಿಕೊಂಡು ಮತ್ತೆ ಕಳಿಸಬೇಕು.

ಈ ಪತ್ರವನ್ನು ನವೆಂಬರ್ ಮೂರನೇ ವಾರದೊಳಗೆ ಪ್ರಕಟಿಸಿದರೆ, ಬರೆಯಬೇಕೆಂದಿರುವ ಮನೆಗಳಿಗೆ ಎರಡು ಭಾನುವಾರ ಸಿಗುತ್ತವೆ. ಒಂದು ಬರೆಯಲಿಕ್ಕೆ, ಒಂದು ವಿಳಾಸ ಹಚ್ಚಲಿಕ್ಕೆ.

ಇಂತಿ,
ನಿಮ್ಮ ಓದುಗರು,
ಕ್ಯಾಂಪ್, ಬೆಳಗಾವಿ