ಕಗ್ಗ ಬೆಳೆಯುವ ಗಜನಿ ಪಾಳು ಜಮೀನಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಅಘನಾಶಿನಿ ಅಳಿವೆಯ ಒಂದು ಫೋಟೊ ಬಂದಿತ್ತು. ಅದರ ಕೆಳಗೆ ‘ಉಪ್ಪು ನುಗ್ಗಿ ಪಾಳು ಬಿದ್ದ ಜಮೀನು’ ಎಂದು ಬರೆದಿದ್ದಿರಿ. ಫೋಟೊದಲ್ಲಿ ಎಡಗಡೆ ಒಂದು ಒಡ್ಡು ಕಾಣುತ್ತದೆ ಅಲ್ವಾ, ಅದರ ಆಚೆಗೆ ನಮ್ಮ ಹದಿನೈದು ಗುಂಟೆ ಗಜನಿ ಇದೆ. ಕಳೆದ ವರ್ಷವೂ ಅಲ್ಲಿ ಕಗ್ಗ ಭತ್ತ ಬೆಳೆದಿದ್ದೇವೆ. ಆ ಅಕ್ಕಿಯ ಗಂಜಿ ಉಂಡೇ ಈ ಪತ್ರ ಬರೆಯುತ್ತಿದ್ದೇನೆ.

ಗಜನಿ ಎಂದರೆ ಕುಮಟಾ ಕಡೆಯ ತಗ್ಗು ಗದ್ದೆ. ಸಮುದ್ರದ ಭರತ ಬಂದಾಗ ಹೊಳೆಯಲ್ಲಿ ಉಪ್ಪುನೀರು ಏರುತ್ತದೆ. ಒಡ್ಡು ಇಲ್ಲದಿದ್ದರೆ ನೇರ ಗದ್ದೆಗೇ ಬರುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಅದೇ ಗದ್ದೆಯಲ್ಲಿ ಸಿಹಿನೀರು ದಿನಗಟ್ಟಲೆ ನಿಲ್ಲುತ್ತದೆ. ಈ ಎರಡನ್ನೂ ತಡೆದುಕೊಳ್ಳುವ ಭತ್ತ ನಮ್ಮ ಕಗ್ಗ. ಆಳೆತ್ತರಕ್ಕೆ ಬೆಳೆಯುತ್ತದೆ, ಆದ್ದರಿಂದ ನೆರೆ ಬಂದರೂ ತಲೆ ಮುಳುಗುವುದು ಕಡಿಮೆ. ಅಕ್ಕಿ ಕೆಂಪು. ಗೊಬ್ಬರ ಹಾಕುವುದಿಲ್ಲ, ಹೊಳೆ ತಂದು ಬಿಡುವ ಗೋಡು ಮಣ್ಣೇ ಸಾಕು.

ಏಳೆಂಟು ವರ್ಷದ ಹಿಂದಿನ ಮಾತು. ಆಗಸ್ಟಿನಲ್ಲಿ ಹತ್ತು ಹನ್ನೆರಡು ದಿನ ಮಳೆ ಕೈಕೊಟ್ಟಿತು. ಅದೇ ಸಮಯಕ್ಕೆ ಅಮಾವಾಸ್ಯೆಯ ದೊಡ್ಡ ಭರತ. ಒಡ್ಡಿನಲ್ಲಿ ಏಡಿ ಕೊರೆದ ತೂತುಗಳಿದ್ದವು. ರಾತ್ರೋರಾತ್ರಿ ಉಪ್ಪುನೀರು ಒಳಗೆ ಬಂತು. ಪಕ್ಕದ ಗದ್ದೆಯವರು ಆ ವರ್ಷ ಜಾಸ್ತಿ ಇಳುವರಿ ಕೊಡುವ ತಳಿ ಹಾಕಿದ್ದರು. ಒಂದು ವಾರದಲ್ಲಿ ಅದು ಪೂರ್ತಿ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿತು. ನೀರಿನಲ್ಲೇ ನಿಂತು ಬಾಯಾರಿ ಸತ್ತ ಗಿಡ. ನಮ್ಮ ಕಗ್ಗದಲ್ಲಿ ಕೆಳಗಿನ ಎಲೆಗಳ ತುದಿ ಸುಟ್ಟಿತ್ತು, ನಡುವಿನ ಸುಳಿ ಮಾತ್ರ ಹಸಿರಾಗಿತ್ತು. ಮಳೆ ಮರಳಿದ ಮೇಲೆ ತೆನೆಯೂ ಬಂತು.

ನಾನು ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಆ ಸುಟ್ಟ ತುದಿಗಳನ್ನು ನೋಡಿದಾಗ ನನಗೆ ಪಾಠ ಮಾಡಿದ ದಿನಗಳೇ ನೆನಪಾದವು. ಆಲೂಗಡ್ಡೆ ಹೋಳನ್ನು ಉಪ್ಪುನೀರಿಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಮೆತ್ತಗಾಗಿ ಬಾಗುತ್ತದೆ. ಒಳಗಿನ ನೀರನ್ನು ಹೊರಗಿನ ಉಪ್ಪು ಎಳೆದುಕೊಂಡಿತು, ಅಷ್ಟೇ. ಬೇರಿಗೂ ಇದೇ ಕಷ್ಟ. ಇನ್ನೊಂದು ಕಷ್ಟ ಎಂದರೆ, ನೀರಿನ ಜೊತೆ ಸೋಡಿಯಂ ಮೇಲೇರಿ ಎಲೆಯನ್ನು ಒಳಗಿನಿಂದ ಕೆಡಿಸುತ್ತದೆ. ಉಪ್ಪು ತಾಳುವ ಭತ್ತಗಳು ಮೇಲೆ ಹೋಗುವ ನೀರಿನಿಂದ ಸೋಡಿಯಂ ಅನ್ನು ದಾರಿಯಲ್ಲೇ ವಾಪಸ್ ಎಳೆದುಕೊಂಡು ಬೇರಿನ ಕಡೆ ಇಟ್ಟುಕೊಳ್ಳುತ್ತವೆ. ತಪ್ಪಿಸಿಕೊಂಡು ಮೇಲೆ ಬಂದದ್ದನ್ನು ಹಳೆ ಎಲೆಗಳಿಗೆ ತುಂಬುತ್ತವೆ. ಹಳೆ ಎಲೆ ಸಾಯುತ್ತದೆ, ಸುಳಿ ಉಳಿಯುತ್ತದೆ. ನಾನು ಗದ್ದೆಯಲ್ಲಿ ಕಂಡದ್ದು ಇದನ್ನೇ.

ಚಳಿ ದೇಶದ ಗಿಡಗಳ ಪಾಡೂ ಬೇರೆಯಲ್ಲ. ವೀಳ್ಯದೆಲೆಯನ್ನು ಫ್ರಿಜ್ಜಿನ ಐಸ್ ಡಬ್ಬಿಯೊಳಗೆ ಇಟ್ಟು ತೆಗೆದರೆ ಕಪ್ಪಾಗಿ ಜೋತು ಬೀಳುತ್ತದೆ. ಮಂಜುಗಡ್ಡೆ ಅದರ ಕೋಶಗಳನ್ನೇ ಒಡೆದಿರುತ್ತದೆ. ಚಳಿಗೆ ಒಗ್ಗಿದ ಗಿಡದಲ್ಲಿ ಮಂಜು ಕೋಶದ ಹೊರಗೆ ಕಟ್ಟುತ್ತದೆ. ಆ ಮಂಜು ಒಳಗಿನ ನೀರನ್ನು ಎಳೆಯುತ್ತದೆ. ಕೋಶ ಸಕ್ಕರೆಯಂಥ ಪದಾರ್ಥಗಳನ್ನು ಕೂಡಿಸಿಕೊಂಡು, ಒಣಗಿದರೂ ಹಾಳಾಗದೆ ಉಳಿಯುತ್ತದೆ. ಉಪ್ಪಿನ ನೆಲದ ಗಿಡವೂ ಇಂಥ ಪದಾರ್ಥಗಳನ್ನೇ ಕೂಡಿಸಿಕೊಳ್ಳುತ್ತದೆ. ಹಿಮದಲ್ಲಿ ನಿಂತ ಗಿಡಕ್ಕೂ ನಮ್ಮ ಕಗ್ಗಕ್ಕೂ ಶತ್ರು ಒಂದೇ, ಬಾಯಾರಿಕೆ. ಇದನ್ನು ತರಗತಿಯಲ್ಲಿ ಹೇಳುವಾಗ ಪ್ರತಿ ವರ್ಷ ನನಗೇ ಮೈ ಜುಮ್ಮೆನ್ನುತ್ತಿತ್ತು.

ಕೇರಳದ ಪೊಕ್ಕಾಳಿ ಭತ್ತವೂ ಕಗ್ಗದ ಹಾಗೇ ಉಪ್ಪು ಗದ್ದೆಯದು. ಅದರ ಒಂದು ವರ್ಣತಂತುವಿನಲ್ಲಿ ಉಪ್ಪು ತಡೆಯುವ ಭಾಗವನ್ನು ವಿಜ್ಞಾನಿಗಳು ಗುರುತಿಸಿ ‘ಸಾಲ್ಟಾಲ್’ ಎಂದು ಹೆಸರಿಟ್ಟರು. ಈಗ ಅದನ್ನು ಬೇರೆ ಬೇರೆ ತಳಿಗಳಿಗೆ ಸೇರಿಸುತ್ತಿದ್ದಾರೆ. ಬಂಗಾಳದ ನೋನಾ ಬೊಕ್ರಾ ಭತ್ತದಲ್ಲೂ ಸೋಡಿಯಂ ವಾಪಸ್ ಎಳೆಯುವ ಒಂದು ಜೀನ್ 2005ರಲ್ಲಿ ಸಿಕ್ಕಿತು. ಎರಡೂ ಸಿಕ್ಕಿದ್ದು ನೀವು ಪಾಳು ಎಂದ ಇಂಥ ಗದ್ದೆಗಳ ಭತ್ತದಲ್ಲೇ.

ಕಗ್ಗಕ್ಕೂ ಉಪ್ಪು ಸಲೀಸಲ್ಲ. ಎಳೆ ಸಸಿಯಾಗಿದ್ದಾಗ, ಹೂ ಬಿಡುವಾಗ ಭತ್ತ ಬಹಳ ಸೂಕ್ಷ್ಮ. ಅದಕ್ಕೇ ಜೂನಿನಲ್ಲಿ ಜಡಿಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದು ಹೋಗುವವರೆಗೆ ಕಾಯಬೇಕು. ಅಪ್ಪ ಒಡ್ಡಿನ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು, ಅಂಗೈಯಲ್ಲಿ ನೀರು ತೆಗೆದು ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ‘ಇನ್ನೂ ಚೂರು ಉಪ್ಪಿದೆ’ ಎಂದರೆ ಮೊಳಕೆ ಬರಿಸಿದ ಬೀಜವೂ ಒಂದು ದಿನ ಕಾಯುತ್ತಿತ್ತು. ಈಗ ನಾನೂ ಹಾಗೇ ನೋಡುತ್ತೇನೆ.

ಈ ಲೆಕ್ಕ ಈಗ ತಪ್ಪುತ್ತಿದೆ. ಮೊದಲು ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಶೆಟ್ಲಿ (ಸಿಗಡಿ), ಮೀನು ಹಿಡಿಯುತ್ತಿದ್ದರು. ತೆನೆ ಮಾತ್ರ ಕೊಯ್ದು ಬಿಟ್ಟ ಹುಲ್ಲು ನೀರಿನಲ್ಲಿ ಕೊಳೆತು ಮೀನಿಗೆ ಆಹಾರವಾಗುತ್ತಿತ್ತು. ಮಳೆಗೆ ಮುಂಚೆ ಬಾಗಿಲು ಮುಚ್ಚುತ್ತಿದ್ದರು. ನಮ್ಮ ಪಕ್ಕದ ಗಜನಿಯನ್ನು ಗುತ್ತಿಗೆಗೆ ಹಿಡಿದವರು ವರ್ಷಪೂರ್ತಿ ಉಪ್ಪುನೀರು ನಿಲ್ಲಿಸಿದ್ದಾರೆ. ಅದು ಜಿನುಗಿ ನಮ್ಮ ಗದ್ದೆಗೂ ಬರುತ್ತಿದೆ. ಒಡ್ಡು ರಿಪೇರಿಗೆ ಮೂರು ಸಲ ಅರ್ಜಿ ಕೊಟ್ಟೆ. ಉತ್ತರ ಬಂದಿಲ್ಲ. ಎರಡು ವರ್ಷ ಯಾರೂ ಬಿತ್ತದಿದ್ದರೆ ಕರಾವಳಿಯ ಈ ತೇವದಲ್ಲಿ ಮನೆಯಲ್ಲಿಟ್ಟ ಬೀಜ ಮೊಳೆಯುವುದಿಲ್ಲ.

ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ತುಂಬಾ ಸಂತೋಷ. ಆದರೆ ಹಕ್ಕಿ ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಜೊತೆ ಈ ಭತ್ತದ ಲೆಕ್ಕವೂ ಇರಲಿ. ಮೇ ಮುಗಿಯುವುದರೊಳಗೆ ಒಡ್ಡಿನ ತೂತು ಮುಚ್ಚಿಸಬೇಕು. ಗುತ್ತಿಗೆ ಪತ್ರದಲ್ಲಿ ಮಳೆಗಾಲಕ್ಕೆ ಉಪ್ಪುನೀರು ಬಿಡಬಾರದು ಎಂದು ಬರೆಸಬೇಕು. ಕಗ್ಗದ ಬೀಜವನ್ನು ಬೆಳೆದವರಿಂದಲೇ ಕೊಂಡು, ಬಿತ್ತಲು ಮನಸ್ಸಿದ್ದವರಿಗೆ ಕೊಡಬೇಕು. ಸಂಬಂಧಪಟ್ಟವರು ಇಷ್ಟು ಮಾಡಲಿ.

ನಿಮ್ಮಲ್ಲೂ ಒಂದು ಕೋರಿಕೆ. ಅಕ್ಟೋಬರಿನಲ್ಲಿ ಅದೇ ಜಾಗಕ್ಕೆ ನಿಮ್ಮ ಛಾಯಾಗ್ರಾಹಕರನ್ನು ಮತ್ತೊಮ್ಮೆ ಕಳಿಸಿ. ಇಳಿತದ ಹೊತ್ತಿಗೆ ಬರಲಿ, ಒಡ್ಡಿನ ಮೇಲೆ ನಡೆದೇ ಬರಬಹುದು. ನಾನು ಗದ್ದೆಯಲ್ಲೇ ಇರುತ್ತೇನೆ.

— ನಿವೃತ್ತ ಶಿಕ್ಷಕಿ, ಕುಮಟಾ ತಾಲ್ಲೂಕು