ಸೊನ್ನೆ ಒಳಗಿದ್ದರೆ ಏನು ಬರೆಯಬೇಕು?

ಪುಟ್ಟಿ,

ನೀನು ಕಳಿಸಿದ ಲೆಕ್ಕದ ಫೋಟೋ ನೋಡಿದೆ. ಲೆಕ್ಕ ಸರಿಯಾಗಿದೆ. ಕೊನೆಯ ಸಾಲು ಮಾತ್ರ ಮನಸ್ಸಿಗೆ ಕೂರಲಿಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅಂತ ಬರೆಯಲು ಕೂತೆ.

ಹೊಸ ಔಷಧಿ ತಗೊಂಡ 100 ಜನರಲ್ಲಿ 60 ಮಂದಿಗೆ ವಾಸಿಯಾಗಿದೆ. ಹಳೆಯದು ತಗೊಂಡ 100ರಲ್ಲಿ 52. ವ್ಯತ್ಯಾಸ 100ಕ್ಕೆ 8. ಅದರ 95% ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ವ್ಯತ್ಯಾಸ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನುವ ಅಂದಾಜು, −5.7ರಿಂದ 21.7. ಕೆಳಗೆ ನೀನು ಬರೆದಿದ್ದೀಯ: ‘ಸೊನ್ನೆ ಒಳಗಿದೆ, ಹಾಗಾಗಿ ಎರಡು ಔಷಧಿಯೂ ಒಂದೇ.’

ಒಂದೇ ಅಂತ ಅದು ಎಲ್ಲಿ ಹೇಳಿತು? ಎರಡೂ ತುದಿ ನೋಡು. ಹೊಸ ಔಷಧಿ 100ಕ್ಕೆ ಸುಮಾರು 6 ಜನರಷ್ಟು ಹಿಂದಿರಬಹುದು, 22 ಜನರಷ್ಟು ಮುಂದೆಯೂ ಇರಬಹುದು. ಇನ್ನೂ ಗೊತ್ತಾಗಿಲ್ಲ ಅಂತ ತಾನೇ ಇದರ ಅರ್ಥ? ಅಷ್ಟು ಒಳ್ಳೆಯದಾಗಿರಬಹುದಾದ ಔಷಧಿಯನ್ನು ‘ವ್ಯತ್ಯಾಸವಿಲ್ಲ’ ಅಂತ ಸುಮ್ನೆ ಪಕ್ಕಕ್ಕಿಟ್ಟರೆ ನಷ್ಟ ಕಾಯಿಲೆಯವರಿಗೆ.

ಈಗ ಗುಂಪಿಗೆ 1000 ಜನ ಅಂದುಕೋ. 600 ಮತ್ತು 520 ಮಂದಿಗೆ ವಾಸಿ. ವ್ಯತ್ಯಾಸ ಅದೇ 8, ಆದರೆ ಇಂಟರ್ವಲ್ 3.7ರಿಂದ 12.3. ಜನ ಹತ್ತು ಪಟ್ಟು ಜಾಸ್ತಿಯಾದರೆ ಅಗಲ ಮೂರರಲ್ಲಿ ಒಂದು ಪಾಲಿನಷ್ಟಾಗುತ್ತದೆ. ಹತ್ತರ ವರ್ಗಮೂಲ ಸುಮಾರು ಮೂರು ಅಲ್ವಾ!

ಸೊನ್ನೆ ಹೊರಗಿದ್ದಾಗಲೂ ತುದಿಗಳನ್ನು ಬಿಡಬೇಡ. ಅಮೆರಿಕದ ವೈದ್ಯರ ಮೇಲೆ ನಡೆದ ಆಸ್ಪಿರಿನ್ ಅಧ್ಯಯನದ ವರದಿ 1988ರಲ್ಲಿ ಬಂತು. ಆಸ್ಪಿರಿನ್ ತಗೊಂಡ 11,037 ಜನರಲ್ಲಿ 104 ಮಂದಿಗೆ ಹೃದಯಾಘಾತ ಆಗಿತ್ತು. ಬರೀ ಹುಸಿ ಮಾತ್ರೆ ತಗೊಂಡ 11,034ರಲ್ಲಿ 189 ಮಂದಿಗೆ. ‘ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು’ ಅಂದರೆ ತುಂಬಾ ದೊಡ್ಡದಾಗಿ ಕೇಳಿಸುತ್ತದೆ. ವ್ಯತ್ಯಾಸದ ಇಂಟರ್ವಲ್ ಹಾಕಿ ನೋಡಿದರೆ 1000 ಜನಕ್ಕೆ 4.7ರಿಂದ 10.7 ಹೃದಯಾಘಾತ ಕಡಿಮೆ. ಲಾಭ ಇದೆ ಅನ್ನುವುದೂ ಎಷ್ಟಿದೆ ಅನ್ನುವುದೂ ಒಟ್ಟಿಗೇ ಸಿಕ್ಕಿತು. ನನಗೆ ಈ ಲೆಕ್ಕ ಇಷ್ಟವಾಗುವುದೇ ಅದಕ್ಕೆ.

95ರ ವಿಷಯವೂ ಹೇಳಿಬಿಡುತ್ತೇನೆ. ಸಂಖ್ಯಾಶಾಸ್ತ್ರಜ್ಞ ನೇಮನ್ 1937ರಲ್ಲಿ ಇದನ್ನು ವಿವರಿಸಿದಾಗ ಆ 95%ರ ಭರವಸೆಯನ್ನು ಕೊಟ್ಟಿದ್ದು ಇಂಟರ್ವಲ್ ಹಾಕುವ ವಿಧಾನಕ್ಕೆ. ಇದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ಪ್ರತಿ ಸಲವೂ ಇಂಟರ್ವಲ್ ಹಾಕಿದರೆ, 100ಕ್ಕೆ ಸುಮಾರು 95 ಸಲ ನಿಜವಾದ ವ್ಯತ್ಯಾಸ ಅದರೊಳಗೆ ಬೀಳುತ್ತದೆ. ನಿನ್ನ ಕೈಯಲ್ಲಿರುವ ಈ ಒಂದರಲ್ಲಿ ಬಿದ್ದಿದೆಯೋ ಇಲ್ಲವೋ, ಹಾಳೆ ನೋಡಿ ಹೇಳಲಾಗದು.

ಇನ್ನೊಂದು. ಎರಡು ಗುಂಪಿಗೂ ಬೇರೆ ಬೇರೆ ಇಂಟರ್ವಲ್ ಹಾಕಿ, ಒಂದರ ಮೇಲೊಂದು ಬಂದವು, ಹಾಗಾಗಿ ವ್ಯತ್ಯಾಸವಿಲ್ಲ ಅಂತ ತೀರ್ಮಾನ ಮಾಡಬೇಡ. ವ್ಯತ್ಯಾಸಕ್ಕೇ ಹಾಕು.

ಆ ಕೊನೆಯ ಸಾಲು ಹೊಡೆದುಹಾಕಿ, ಎರಡೂ ತುದಿ ಏನು ಹೇಳುತ್ತವೆ ಅಂತ ನಿನ್ನ ಮಾತಿನಲ್ಲೇ ಬರೆದು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಮ್ಮ